ಏಳನೇ ನಿಮಿಷದ ಬೆಸುಗೆ

ಏಳನೇ ನಿಮಿಷಕ್ಕೆ ಪೊರೆ ಮುಚ್ಚಿಕೊಂಡಿತು. ಒಂದು ವರ್ಣತಂತು ಹೊರಗೇ ಉಳಿಯಿತು.

ಕಾಳಿಕಾ ಬಡಿಗೇರ ಪರದೆಯ ಮೇಲಿನ ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೊಮ್ಮೆ ನೋಡಿದಳು. ಅದೇ ಜೀವಕೋಶ, ಅದೇ ಏಳನೇ ನಿಮಿಷ. ಹಸಿರಾಗಿ ಹೊಳೆಯುವ ಪೊರೆ ನಾಲ್ಕೂ ಕಡೆಯಿಂದ ಹರಿದು ಬಂದು ಕೂಡಿಕೊಂಡಿತು. ಇನ್ನೂ ದಾರಿಯಲ್ಲಿದ್ದ ಒಂದು ಕೆಂಪು ಎಳೆ ಹೊರಗೆ ನಿಂತುಬಿಟ್ಟಿತು. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಕಿಟಕಿಯ ಬಳಿ ಹೋದಳು. ಸಂಶೋಧನಾ ಕೇಂದ್ರವಿದ್ದದ್ದು ಧಾರವಾಡದ ಹೊರಗೆ, ಒಂದು ಗುಡ್ಡದ ಮೇಲೆ. ಕೆಳಗೆ ಕೆಂಪು ಮಣ್ಣಿನ ದಾರಿಯಲ್ಲಿ ಬೆಳಗಿನ ಪಾಳಿಯವರು ಬರುತ್ತಿದ್ದರು. ಆ ಜೀವಕೋಶಕ್ಕೆ ಹಾಕಿದ್ದ ಔಷಧವೇ ಇನ್ನು ಇಪ್ಪತ್ತು ದಿನಕ್ಕೆ ಮೊದಲ ಸಲ ಮನುಷ್ಯರ ಮೈಗೆ ಹೋಗುವುದಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಮೌನೇಶ ಬಡಿಗೇರ. ಅವಳ ಅಣ್ಣ.

ಬಡಿಗೇರರ ಮನೆಯಲ್ಲಿ ಯಾರೂ ಐವತ್ತು ದಾಟಿದ್ದಿಲ್ಲ ಎಂದು ಹೆಬ್ಬಳ್ಳಿ ಅಗಸಿಯ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ನಲವತ್ತಾರಕ್ಕೆ ಹೋದ. ಕಾಕಾ ನಲವತ್ತೊಂದಕ್ಕೆ. ಸೋದರತ್ತೆಯೊಬ್ಬಳು ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದವಳು ಅಲ್ಲೇ ಕುಸಿದು ಬಿದ್ದಿದ್ದಳು. ದೇವರ ಶಾಪ ಅಂದವರಿದ್ದರು, ಮನೆಯ ಜಾಗ ಸರಿಯಿಲ್ಲ ಅಂದವರೂ ಇದ್ದರು. ಕಾಳಿಕಾ ಓದಿ ಕಂಡುಕೊಂಡ ಕಾರಣ ಬೇರೆ.

ಮೈಯ ಪ್ರತಿ ಜೀವಕೋಶದ ನಡುವೆ ಕೋಶಕೇಂದ್ರವೆಂಬ ಒಂದು ಕೋಣೆಯಿದೆ. ವಂಶದ ಬರಹ ಹೊತ್ತ ವರ್ಣತಂತುಗಳು ಅದರೊಳಗಿರುತ್ತವೆ. ಕೋಣೆಯ ಗೋಡೆ ಎಂದರೆ ಎರಡು ಪದರದ ಒಂದು ತೆಳುವಾದ ಪೊರೆ. ಅದಕ್ಕೆ ಒಳಗಿನಿಂದ ಆಧಾರವಾಗಿ ಲ್ಯಾಮಿನ್ ಎಂಬ ಪ್ರೋಟೀನಿನ ಜಾಲರಿ. ಬಡಿಗೇರರ ವಂಶದಲ್ಲಿ ಆ ಜಾಲರಿಯ ಬರಹದಲ್ಲೇ ಒಂದಕ್ಷರ ತಪ್ಪಿತ್ತು. ಬೇರೆ ಅಂಗಗಳು ಹೇಗೋ ತಡೆದುಕೊಂಡವು. ಹೃದಯ ಹಾಗಲ್ಲ, ಅದು ದಿನಕ್ಕೆ ಲಕ್ಷ ಸಲ ಹಿಂಡಿಕೊಳ್ಳಬೇಕು. ಒಂದೊಂದು ಬಡಿತಕ್ಕೂ ಪೊರೆ ಜಗ್ಗಿ ಜಗ್ಗಿ ಅಲ್ಲಲ್ಲಿ ಹರಿಯುತ್ತಿತ್ತು, ಒಳಗಿನದು ಹೊರಗೆ ಸೋರುತ್ತಿತ್ತು, ಕೋಶ ಸಾಯುತ್ತಿತ್ತು. ಮೂವತ್ತು ನಲವತ್ತು ವರ್ಷ ಹೀಗೆ ನಡೆದರೆ ಯಾವ ಹೃದಯ ಉಳಿದೀತು?

ಪರೀಕ್ಷೆಯ ಕಾಗದಗಳು ಬಂದಾಗ ಕಾಳಿಕಾಗೆ ಇಪ್ಪತ್ತೆರಡು. ತಪ್ಪಿದ ಅಕ್ಷರ ಅವಳಿಗೆ ಬಂದಿರಲಿಲ್ಲ, ಮೌನೇಶನಿಗೆ ಬಂದಿತ್ತು. ಅವನು ಕಾಗದ ಓದಿ ಮಡಿಸಿ ಅಂಗಿಯ ಕಿಸೆಗಿಟ್ಟುಕೊಂಡು, "ನೀ ಉಳದಿ, ಛಲೋ ಆತು" ಅಂದಿದ್ದ. ಅದಾದ ಎಷ್ಟೋ ವರ್ಷಕ್ಕೆ ಅವನ ಮಗಳು ಸಿಂಚನಾಳ ಕಾಗದ ಬಂತು. ಅವಳಿಗೂ ಅದೇ ಇತ್ತು. ಅಂದು ಅವನು ಕಾಗದವನ್ನು ಮಡಿಸದೆ ಕೈಯಲ್ಲೇ ಹಿಡಿದು ಕೂತ.

ಕಾಳಿಕಾ ಹನ್ನೆರಡು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಕೋಶವೊಂದು ಎರಡಾಗಿ ಒಡೆಯುವಾಗ ಕೇಂದ್ರದ ಪೊರೆ ಪೂರ್ತಿ ಕರಗಿಹೋಗುತ್ತದೆ. ವರ್ಣತಂತುಗಳು ಎರಡು ಪಾಲಾಗಿ ಸರಿದ ಮೇಲೆ ಒಂದೊಂದು ಪಾಲಿನ ಸುತ್ತಲೂ ಹೊಸ ಪೊರೆ ಏಳುತ್ತದೆ. ಅದನ್ನು ಕಟ್ಟುವವರು ಯಾರು, ಕೊನೆಯ ಕಿಂಡಿ ಮುಚ್ಚುವವರು ಯಾರು? ಕಪ್ಪೆಯ ಮೊಟ್ಟೆಗಳನ್ನು ಯಂತ್ರದಲ್ಲಿ ಗರಗರ ತಿರುಗಿಸಿ ತೆಗೆದ ಹೊಂಬಣ್ಣದ ರಸಕ್ಕೆ ಬರಿಯ ವರ್ಣತಂತುಗಳನ್ನು ಬೆರೆಸಿದರೆ, ಗಾಜಿನ ಕೊಳವೆಯಲ್ಲೇ, ಜೀವವಿಲ್ಲದ ಕಡೆಯೇ, ತಾಸೊಂದರಲ್ಲಿ ದುಂಡನೆಯ ಕೋಶಕೇಂದ್ರಗಳು ತಾವಾಗಿ ಕಟ್ಟಿಕೊಳ್ಳುತ್ತವೆ. ಮೊದಲ ಸಲ ಅದನ್ನು ಕಂಡ ದಿನ ಅವಳು ಊಟ ಮರೆತಿದ್ದಳು. ಆ ರಸದಿಂದಲೇ ಅವಳು ಕಿಂಡಿ ಮುಚ್ಚುವ ಪ್ರೋಟೀನುಗಳ ಪಡೆಯನ್ನು ಗುರುತಿಸಿದಳು. ಪೊರೆ ಹರಿದ ಕಡೆಗೆ ಆ ಪಡೆಯನ್ನು ಬೇಗ ಕರೆತರುವ ಒಂದು ಹೊಸ ಪ್ರೋಟೀನನ್ನು ತಾನೇ ರೂಪಿಸಿದಳು. ಪ್ರಯೋಗಾಲಯದಲ್ಲಿ ಅದಕ್ಕೆ ಬೆಸುಗೆ ಎಂದು ಹೆಸರಾಯಿತು. ಹರಿದ ಹೃದಯಕೋಶಗಳು ಬೆಸುಗೆ ಸಿಕ್ಕ ಮೇಲೆ ತಿಂಗಳುಗಟ್ಟಲೆ ಬಡಿದವು. ಇಲಿಗಳು ಬದುಕಿದವು. ಇನ್ನು ಮನುಷ್ಯರ ಸರದಿ ಎನ್ನುವಾಗ ಈ ಏಳನೇ ನಿಮಿಷ.

ಹೃದಯದ ಕೋಶಗಳು ಒಡೆಯುವುದು ಬಲು ಅಪರೂಪ. ಆದರೆ ಔಷಧ ಹೃದಯವೊಂದಕ್ಕೇ ಹೋಗುವುದಿಲ್ಲವಲ್ಲ. ಒಂದಿಷ್ಟು ಎಲುಬಿನ ಮಜ್ಜೆಗೂ ಸೇರುತ್ತದೆ, ಮತ್ತು ಮಜ್ಜೆಯಲ್ಲಿ ಕೋಶಗಳು ದಿನವಿಡೀ ಒಡೆಯುತ್ತಲೇ ಇರುತ್ತವೆ. ಅಲ್ಲಿ ಹನ್ನೊಂದನೇ ನಿಮಿಷಕ್ಕೆ ಮುಚ್ಚಬೇಕಾದ ಪೊರೆಯನ್ನು ಬೆಸುಗೆ ಏಳಕ್ಕೇ ಮುಚ್ಚಿಸುತ್ತಿತ್ತು. ಹೊರಗುಳಿದ ವರ್ಣತಂತು ತನ್ನದೇ ಒಂದು ಪುಟ್ಟ ದುರ್ಬಲ ಪೊರೆ ಸುತ್ತಿಕೊಳ್ಳುತ್ತದೆ. ಅದು ಒಡೆದರೆ ವರ್ಣತಂತು ಚೂರುಚೂರು. ಆ ಚೂರುಗಳು ಹೇಗೆಂದರೆ ಹಾಗೆ ಕೂಡಿಕೊಂಡ ದಿನ ಕ್ಯಾನ್ಸರಿಗೆ ದಾರಿ.

ಮೂರು ದಿನ ಅವಳು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಒಡೆಯುತ್ತಿದ್ದ ಆರುನೂರು ಕೋಶಗಳನ್ನು ನೋಡಿದಳು. ಬೆಸುಗೆ ಇಲ್ಲದವುಗಳಲ್ಲಿ ಒಂದೇ ಒಂದು ತಪ್ಪಿತ್ತು, ಇದ್ದವುಗಳಲ್ಲಿ ಇಪ್ಪತ್ತೇಳು. ನಾಲ್ಕನೇ ದಿನ ಚಿತ್ರಗಳನ್ನು ಹಿಡಿದುಕೊಂಡು ಕೇಂದ್ರದ ನಿರ್ದೇಶಕ ಡಾಕ್ಟರ್ ಹುಯಿಲಗೋಳರ ಕೋಣೆಗೆ ಹೋದಳು.

ಹುಯಿಲಗೋಳರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಇದನ್ನ ಮತ್ತ್ಯಾರು ನೋಡ್ಯಾರ?"

"ಯಾರೂ ಇಲ್ಲ ಸರ್."

"ಪಟ್ಟಿಯೊಳಗ ಮೊದಲನೇ ಹೆಸರು ನಿಮ್ಮ ಅಣ್ಣಂದು."

"ಗೊತ್ತೈತ್ರಿ. ಅದಕ್ಕ ನಾನೇ ತಂದೀನಿ. ಬೇರೆಯವರು ತಂದಿದ್ರ ನಾ ಮುಚ್ಚಿಟ್ಟಿದ್ದೆ ಅಂತಿದ್ರು."

ಅವರು ಫೋನು ಎತ್ತಿ ಪ್ರಯೋಗ ನಿಲ್ಲಿಸಲು ಹೇಳಿದರು.

ಮನೆಗೆ ಹೇಳುವ ಕೆಲಸ ಅದಕ್ಕಿಂತ ಕಷ್ಟದ್ದಾಗಿತ್ತು. ಭಾನುವಾರ ಮಧ್ಯಾಹ್ನ ಊಟಕ್ಕೆ ಹೋದಳು. ಮೌನೇಶ ಮನೆಯ ಮುಂದಿನ ಕೆಲಸದ ಕಟ್ಟೆಯ ಬಳಿ ಕುರ್ಚಿಯಲ್ಲಿ ಕೂತಿದ್ದ. ಎರಡು ವರ್ಷದ ಹಿಂದೆ ಅವನ ಎದೆಗೆ ಬಡಿತ ಕಾಯುವ ಬ್ಯಾಟರಿ ಕೂರಿಸಿದ್ದರು. ಈಗ ಬಾಗಿಲು ಚೌಕಟ್ಟು ಮಾಡುವುದು ಬಿಟ್ಟಿದ್ದ. ಉಳಿಯನ್ನು ಮಸೆದಿಡುವುದು, ಆಳುಗಳಿಗೆ ಅಳತೆ ಹೇಳುವುದು, ಇಷ್ಟೇ. ಅವನ ಹೆಂಡತಿ ಸುಮಂಗಲಾ ಬಸ್ಸಿನಲ್ಲಿ ಕಂಡಕ್ಟರ್. ಬೆಳಗಿನ ಸರದಿ ಮುಗಿಸಿ ಬಂದು ಖಾಕಿ ಅಂಗಿಯಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಹದಿನೇಳರ ಸಿಂಚನಾ ತಾಟು ಹಾಕುತ್ತಿದ್ದಳು.

ಊಟ ಮುಗಿಯುವವರೆಗೂ ಕಾಳಿಕಾ ಕಾದಳು. ಆಮೇಲೆ ಕಂಡದ್ದನ್ನೆಲ್ಲ ಬಿಡಿಸಿ ಹೇಳಿದಳು, ಏನನ್ನೂ ಮರೆಮಾಚಲಿಲ್ಲ.

ಮೌನೇಶ ಕೇಳಿದ: "ಡಾಕ್ಟರ್ ನನಗ ಎಷ್ಟು ದಿನ ಅಂತಾರ?"

"ಆರು ತಿಂಗಳು. ಬಾಳ ಅಂದ್ರ ಎಂಟು."

"ಆ ಹೊರಗ ಉಳದದ್ದು ಕೆಡಾಕ ಎಷ್ಟು ದಿನ ಬೇಕು?"

"ಹತ್ತು ವರ್ಷ, ಇಪ್ಪತ್ತು ವರ್ಷ. ಒಂದೇ ವರ್ಷದಾಗೂ ಆಗಬಹುದು. ಗೊತ್ತಿಲ್ಲಣ್ಣಾ."

"ಹಂಗಾರ ನನ್ನ ಮಟ್ಟಿಗೆ ವಿಚಾರ ಮಾಡೂದು ಏನೈತಿ? ನನಗ ಕೊಡ್ರಿ." ಅವನು ಮಗಳ ಕಡೆ ನೋಡಿದ. "ಆದ್ರ ಇದು ಸರಿ ಆಗೂತನಕ ಇಕಿ ಮೈಗೆ ಒಂದು ಹನಿನೂ ಹೋಗಬಾರದು."

"ನನ್ನ ಬಗ್ಗೆ ನೀ ಒಬ್ಬನ ಹೇಳಿದ್ರ ಹೆಂಗ ಅಪ್ಪಾ?" ಅಂದಳು ಸಿಂಚನಾ.

ಸುಮಂಗಲಾ ತಾಟುಗಳನ್ನು ಒಂದರ ಮೇಲೊಂದು ಸದ್ದಾಗುವಂತೆ ಇಟ್ಟಳು. "ಅಣ್ಣಾ ತಂಗಿ ಕೂಡಿ ತೀರ್ಮಾನ ಮಾಡೇಬಿಟ್ರಿ. ಎದಿ ನಿಂತರೂ ನಾನ ನೋಡಬೇಕು, ಕ್ಯಾನ್ಸರ್ ಬಂದರೂ ನಾನ ನೋಡಬೇಕು. ನನ್ನ ಒಂದು ಮಾತು ಕೇಳಿದ್ರೇನು?"

ಮೌನೇಶ ಅವಳ ಕಡೆ ತಿರುಗಿ, "ಈಗ ಕೇಳ್ತೀನಿ, ಹೇಳು" ಅಂದ.

ಅವಳು ಒಳಗೆ ಹೋದಳು. ನೀರಿನ ಸದ್ದು ಬಂತು. ಮುಖ ತೊಳೆದುಕೊಂಡು ಬಂದು ಬಾಗಿಲಿಗೆ ಒರಗಿ ನಿಂತು ಹೇಳಿದಳು: "ತಗೋರಿ. ಆದ್ರ ಪ್ರತಿ ವಾರ ರಕ್ತದಾಗ ಏನು ಕಾಣ್ತೈತಿ ಅನ್ನೂದನ್ನ ನನಗ ಮೊದಲು ಹೇಳಬೇಕು. ಕಾಳಿಕಾ, ನೀ ಮಾತು ಕೊಡು."

ಕಾಳಿಕಾ ಮಾತು ಕೊಟ್ಟಳು.

ಒಪ್ಪಿಗೆ ಕೊಡುವ ಸಮಿತಿಯಲ್ಲಿ ಒಂಬತ್ತು ಜನರಿದ್ದರು. ತಂಗಿಯಾದ್ದರಿಂದ ಕಾಳಿಕಾ ಒಳಗೆ ಕೂರುವ ಹಾಗಿರಲಿಲ್ಲ. ಅಂಕಿಅಂಶ ಒಪ್ಪಿಸಿ ಹೊರಗಿನ ಬೆಂಚಿನ ಮೇಲೆ ಎರಡು ತಾಸು ಕೂತಳು. ಬೇರೆ ಇಲಾಜು ಉಳಿದಿಲ್ಲದ ಒಬ್ಬ ರೋಗಿಗೆ ಮಾತ್ರ, ಅವನಿಗೆ ಎಲ್ಲ ತಿಳಿದಿದೆಯೆಂದು ಖಚಿತವಾದ ಮೇಲೆ, ಕೊಡಬಹುದು ಎಂದಾಯಿತು. ಕಾಳಿಕಾ ಅವನ ಚಿಕಿತ್ಸೆಯಲ್ಲಿ ಕೈಹಾಕಕೂಡದು ಎಂಬ ಷರತ್ತೂ ಬಿತ್ತು. ಒಳಗೆ ಕರೆದು ಏನು ಕೇಳಿದರು ಎಂದು ಕಾಳಿಕಾ ವಿಚಾರಿಸಿದ್ದಕ್ಕೆ ಮೌನೇಶ ಹೇಳಿದ: "ತಂಗಿ ಒತ್ತಾಯ ಮಾಡ್ಯಾಳೇನು ಅಂತ ಮೂರು ಸಲ ಕೇಳಿದ್ರು. ಆಕಿ ಒತ್ತಾಯ ಮಾಡಿದ್ದು ಬ್ಯಾಡ ಅಂತ್ರೀ ಅಂದೆ." ಅದು ಸುಳ್ಳು. ಅವಳು ಬೇಕೆಂದೂ ಬೇಡವೆಂದೂ ಅಂದಿರಲಿಲ್ಲ.

ಎರಡು ತಿಂಗಳಲ್ಲಿ ಮೌನೇಶನ ಕಾಲಿನ ಬಾವು ಇಳಿಯಿತು. ಹೃದಯ ತನ್ನಲ್ಲಿ ತುಂಬಿದ ರಕ್ತದ ಐದರಲ್ಲೊಂದು ಪಾಲನ್ನಷ್ಟೇ ಹೊರದೂಡುತ್ತಿದ್ದದ್ದು ಮೂರರಲ್ಲೊಂದಕ್ಕೆ ಏರಿತು. ಅವನು ದಿನಾ ಒಂದು ತಾಸು ಮರ ಹೆರೆಯಲು ಕೀಸುಳಿ ಹಿಡಿಯತೊಡಗಿದ. ಸುಮಂಗಲಾಗೆ ವಾರವಾರ ಸುದ್ದಿ ಹೋಗುತ್ತಿತ್ತು: ಹೃದಯ ಸುಧಾರಿಸಿದೆ, ಆದರೆ ರಕ್ತದಲ್ಲಿ ಕೋಶಕೇಂದ್ರದಿಂದ ಹೊರಗುಳಿದ ಪುಟ್ಟ ಗಂಟುಗಳು ಹೆಚ್ಚುತ್ತಿವೆ. ಮೊದಲು ಸಾವಿರ ಕೋಶಕ್ಕೆ ಆರು. ಆಮೇಲೆ ಹನ್ನೊಂದು, ಹತ್ತೊಂಬತ್ತು. ಅವಳು ಆ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು.

ಇತ್ತ ಗುಡ್ಡದ ಮೇಲೆ ಕಾಳಿಕಾ ಬೆಸುಗೆಯನ್ನು ತಿದ್ದಲು ಕೂತಿದ್ದಳು. ಮೊದಲು ಅದರ ಬಲ ಕುಗ್ಗಿಸಿ ನೋಡಿದಳು. ವರ್ಣತಂತುಗಳೇನೋ ಒಳಗೆ ಉಳಿದವು, ಆದರೆ ಹೃದಯಕೋಶದ ಹರಿದ ಪೊರೆಯೂ ಹಾಗೇ ಉಳಿಯಿತು. ಬಹು ಬೇಗ ಕರಗಿಹೋಗುವಂತೆ ಮಾಡಿದಳು. ಅದೂ ಕೂಡಿಬರಲಿಲ್ಲ, ಹೃದಯಕ್ಕೆ ಅದು ಎಡೆಬಿಡದೆ ಬೇಕು. ಐದು ತಿಂಗಳು ಹೀಗೆ ಕಳೆದವು. ಜೊತೆಗಿದ್ದ ಇಬ್ಬರು ಬೇರೆ ಕೆಲಸಕ್ಕೆ ಹೋದರು. ಹುಯಿಲಗೋಳರು ಒಂದು ದಿನ, "ಕಾಳಿಕಾ, ಒಂದು ವಾರ ರಜಾ ತಗೋರಿ" ಅಂದರು. ಅವಳು ತೆಗೆದುಕೊಳ್ಳಲಿಲ್ಲ.

ತನ್ನ ಪ್ರೋಟೀನನ್ನು ನೋಡುವುದು ಬಿಟ್ಟು, ಅದಿಲ್ಲದೆ ಕೋಶ ತಾನೇ ಈ ಕೆಲಸವನ್ನು ಹೇಗೆ ತಪ್ಪದೆ ಮಾಡುತ್ತದೆ ಎಂದು ಅವಳು ಮತ್ತೆ ಮೊದಲಿನಿಂದ ನೋಡತೊಡಗಿದಳು. ಕಪ್ಪೆಯ ಮೊಟ್ಟೆಯ ರಸ, ಗಾಜಿನ ಪಟ್ಟಿ, ಕ್ಷಣಕ್ಕೊಂದು ಚಿತ್ರ. ಕೋಶದಲ್ಲಿ ವರ್ಣತಂತುಗಳಿಗೆ ಅಂಟಿಕೊಂಡು ಅವನ್ನೆಲ್ಲ ಒಂದೇ ಮುದ್ದೆಯಾಗಿ ಹಿಡಿಯುವ ಒಂದು ಪುಟ್ಟ ಪ್ರೋಟೀನಿದೆ. ಮುದ್ದೆ ಒಂದೇ ಆದ್ದರಿಂದ ಪೊರೆಯೂ ಒಂದೇ ಆಗಿ ಸುತ್ತುತ್ತದೆ. ಕೋಶ ಒಡೆಯಲು ಹೊರಟಾಗ ಆ ಪ್ರೋಟೀನಿನ ಬಾಲಕ್ಕೆ ರಂಜಕದ ಒಂದು ಗುರುತು ಬೀಳುತ್ತದೆ. ಗುರುತು ಬಿದ್ದೊಡನೆ ಅದು ಹಿಡಿತ ಬಿಡುತ್ತದೆ. ವರ್ಣತಂತುಗಳೆಲ್ಲ ಒಂದೆಡೆ ಸೇರಿದ ಮೇಲಷ್ಟೇ ಇನ್ನೊಂದು ಪ್ರೋಟೀನು ಬಂದು ಆ ಗುರುತನ್ನು ಅಳಿಸುತ್ತದೆ. ಅಲ್ಲಿಯವರೆಗೂ ಅದು ಕೆಲಸಕ್ಕಿಳಿಯುವುದಿಲ್ಲ.

ಅವಳ ಬೆಸುಗೆಗೆ ಅಂಥ ಗುರುತು ಬೀಳುವ ಜಾಗವೇ ಇರಲಿಲ್ಲ. ಯಾವಾಗ ಸುಮ್ಮನಿರಬೇಕೆಂದು ಅದಕ್ಕೆ ಹೇಳುವವರೇ ಇಲ್ಲ. ಹನ್ನೆರಡು ವರ್ಷದ ಕೆಲಸದಲ್ಲಿ ಅದು ಎಷ್ಟು ಚುರುಕಾಗಿ ಮುಚ್ಚುತ್ತದೆ ಎಂಬುದನ್ನೇ ಅಳೆದಿದ್ದೆ ಎಂದು ಅವಳಿಗೆ ಆಗ ಹೊಳೆಯಿತು.

ಅಂಥ ಒಂದು ಬಾಲವನ್ನು ಬೆಸುಗೆಗೆ ಜೋಡಿಸಿದಳು. ಗುರುತು ಬಿತ್ತು, ಆದರೆ ಅಳಿಯಲಿಲ್ಲ; ಬೆಸುಗೆ ಮತ್ತೆ ಏಳಲೇ ಇಲ್ಲ. ಬಾಲದ ಬರಹ ಬದಲಿಸಿದಳು. ಈ ಸಲ ಗುರುತು ಬೀಳಲೇ ಇಲ್ಲ. ಮತ್ತೆ ಬದಲಿಸಿದಳು. ಆರು ರೂಪಗಳು ಕಸದ ಡಬ್ಬಿಗೆ ಹೋದವು.

ಎಂಟನೇ ತಿಂಗಳಲ್ಲಿ ಮೌನೇಶನ ರಕ್ತದಲ್ಲಿ ಬಿಳಿಕಣಗಳು ಇದ್ದಕ್ಕಿದ್ದಂತೆ ಕಡಿಮೆಯಾದವು. ವೈದ್ಯರು ಔಷಧ ನಿಲ್ಲಿಸಿದರು. ಹೃದಯ ಮತ್ತೆ ನಿಧಾನವಾಗಿ ಜಾರತೊಡಗಿತು. ಆಸ್ಪತ್ರೆಗೆ ಹೋಗಿ ಕಾಳಿಕಾ ಅವನ ಮಂಚದ ಪಕ್ಕ ಕೂತಳು.

"ಬೆಸುಗೆದು ಇನ್ನೊಂದು ರೂಪ ತಯಾರಾಗೇತಿ ಅಣ್ಣಾ. ಇಲಿ ಮ್ಯಾಲೆ ನೋಡೂದನ್ನ ಬಿಟ್ಟು ನೇರ..."

ಅವನು ಕೈ ಎತ್ತಿ ತಡೆದ. "ನನ್ನ ಸಲುವಾಗಿ ಓಡಬ್ಯಾಡ. ನನ್ನ ಮೈಗೆ ಮೊದಲಿನದು ಹೊಕ್ಕೈತಿ. ಇನ್ನೊಂದು ಹಾಕಿದ್ರ ಯಾವುದರಿಂದ ಏನಾತು ಅಂತ ಯಾರಿಗೆ ತಿಳೀತೈತಿ? ನೀ ಹುಡುಗಿ ಸಲುವಾಗಿ ಮಾಡು. ಎಷ್ಟು ದಿನ ಹಿಡೀತೈತಿ ಅಷ್ಟು ಹಿಡೀಲಿ."

"ನೀ ಹಿಂಗಂದ್ರ ನಾ ಹೆಂಗ ಕೆಲಸ ಮಾಡ್ಲಿ?"

"ಹೆಂಗ ಅಂದ್ರ? ಬೆಳಿಗ್ಗೆ ಎದ್ದು ಹೋಗು, ಮಾಡು. ನಾ ಇಷ್ಟು ವರ್ಷ ಅದನ್ನ ಮಾಡೀನಿ."

ಅವಳು ಬಸ್ಸು ಹತ್ತಿ ಗುಡ್ಡಕ್ಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಏಳನೇ ರೂಪವನ್ನು ಕೋಶಗಳಿಗೆ ಹಾಕಿದಳು. ಅದರಲ್ಲಿ ಗುರುತು ಬಿತ್ತು. ವರ್ಣತಂತುಗಳು ಸರಿದು ಎರಡು ಕಡೆ ಒಟ್ಟುಗೂಡಿದವು. ಏಳನೇ ನಿಮಿಷದಲ್ಲಿ ಏನೂ ಆಗಲಿಲ್ಲ. ಎಂಟು, ಒಂಬತ್ತು, ಹತ್ತು. ಕಡೆಯ ಎಳೆ ಬಂದು ಸೇರಿತು. ಹನ್ನೊಂದನೇ ನಿಮಿಷಕ್ಕೆ ಗುರುತು ಅಳಿಯಿತು, ಪೊರೆ ಮುಚ್ಚಿಕೊಂಡಿತು. ಪಕ್ಕದ ತಟ್ಟೆಯಲ್ಲಿ, ಒಡೆಯದೆ ಬಡಿಯುವ ಹೃದಯಕೋಶಗಳಲ್ಲಿ, ಅದೇ ರೂಪ ಹರಿದ ಪೊರೆಗಳನ್ನು ಒಂದೊಂದಾಗಿ ಮುಚ್ಚುತ್ತಿತ್ತು. ಅವಳು ಯಾರನ್ನೂ ಕರೆಯಲಿಲ್ಲ. ಎರಡನೇ ಸಲ ಮಾಡಿದಳು, ಮೂರನೇ ಸಲ ಮಾಡಿದಳು. ಮೂರೂ ಸಲ ಒಂದೇ ಫಲ ಬಂದ ಮೇಲೆ ಹುಯಿಲಗೋಳರಿಗೆ ಹೇಳಿದಳು.

ಇಲಿಗಳ ಮೇಲೆ ನೋಡಲು ಐದು ತಿಂಗಳು ಬೇಕಾಯಿತು. ಒಂದು ದಿನವನ್ನೂ ಅವಳು ಕಡಿತ ಮಾಡಲಿಲ್ಲ. ಅದು ಮುಗಿಯುವ ಮೊದಲೇ, ಒಂದು ಗುರುವಾರ ಮಧ್ಯಾಹ್ನ, ಕಟ್ಟೆಯ ಬಳಿಯ ಕುರ್ಚಿಯಲ್ಲಿ ಕೂತಿದ್ದ ಮೌನೇಶ ಕೂತಂತೆಯೇ ಹೋಗಿಬಿಟ್ಟ. ಅವನಿಗೆ ನಲವತ್ತಾರು ತುಂಬಿ ನಾಲ್ಕು ತಿಂಗಳಾಗಿತ್ತು.

ಮೂರನೇ ದಿನದ ಕಾರ್ಯ ಮುಗಿದ ಮೇಲೆ ಹುಯಿಲಗೋಳರು ಮನೆಗೆ ಬಂದರು. ಜಗಲಿಯ ಮೇಲೆ ಕೂತು, ಕೊಟ್ಟ ಚಹಾ ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. "ಕಾಳಿಕಾ, ನಿಮಗೊಂದು ವಿಷಯ ಹೇಳಬೇಕು. ನಿಮ್ಮ ಅಣ್ಣ ತಮ್ಮ ಹೃದಯ ನಮ್ಮ ಕೇಂದ್ರಕ್ಕ ಬರೆದುಕೊಟ್ಟಿದ್ರು. ಬೆಸುಗೆ ಮನುಷ್ಯನ ಹೃದಯದಾಗ ಎಷ್ಟು ದೂರ ಮುಟ್ಟತೈತಿ, ಎಷ್ಟು ದಿನ ಹಿಡಿದಿರತೈತಿ, ಇದು ನಮಗ ಬೇರೆ ಯಾವ ದಾರಿಯಿಂದನೂ ತಿಳಿಯೂದಿಲ್ಲ ಅಂತ ಅವರಿಗೆ ಗೊತ್ತಿತ್ತು. ಗುರುವಾರ ಮೈಯನ್ನ ಆಸ್ಪತ್ರೆಗೆ ಒಯ್ದಾಗನ ಅವರು ತಗೊಂಡಾರ."

ಕಾಳಿಕಾ ಅತ್ತಿಗೆಯ ಕಡೆ ತಿರುಗಿದಳು. "ವೈನಿ, ನಿಮಗ ಗೊತ್ತಿತ್ತಾ?"

"ಈ ಸಲ ನನ್ನ ಕೇಳೇ ಮಾಡಿದ್ರು," ಅಂದಳು ಸುಮಂಗಲಾ. ಅವಳ ಧ್ವನಿ ಗಟ್ಟಿಯಾಗಿತ್ತು. "ನಿನಗ ಹೇಳಬ್ಯಾಡ ಅಂದಿದ್ರು. ಹೇಳಿದ್ರ ಆಕಿ ಕೆಲಸ ಕೆಡತೈತಿ ಅಂದ್ರು."

"ಅದನ್ನ ನೋಡೂ ಕೆಲಸ ಬೇರೆಯವರಿಗೆ ಕೊಡ್ತೀನಿ," ಅಂದರು ಹುಯಿಲಗೋಳರು. "ನೀವು ನೋಡಬೇಕಂತಿಲ್ಲ."

"ಬೇರೆಯವರೂ ನೋಡ್ಲಿ ಸರ್. ಅವರು ಎಣಿಸಿದ್ದನ್ನ ಬರದಿಡ್ರಿ. ಆಮ್ಯಾಲೆ ನಾನೂ ನೋಡ್ತೀನಿ."

ಹದಿನೈದು ದಿನಕ್ಕೆ ಗಾಜಿನ ಪಟ್ಟಿಗಳು ಸಿದ್ಧವಾದವು. ಅವಳು ಬೆಳಿಗ್ಗೆ ಒಂಬತ್ತಕ್ಕೆ ಸೂಕ್ಷ್ಮದರ್ಶಕದ ಮುಂದೆ ಕೂತು, ಒಂದು ಗಳಿಗೆ ಕಣ್ಣು ಮುಚ್ಚಿ ತೆಗೆದಳು. ಮೊದಲ ಪಟ್ಟಿ ಹೃದಯದ ತುದಿಯದು. ಔಷಧ ಅಲ್ಲಿಗೆ ಸರಿಯಾಗಿ ತಲುಪಿರಲಿಲ್ಲ. ಹರಿದ ಪೊರೆಗಳು, ಸೋರಿಹೋದ ಕೇಂದ್ರಗಳು, ನಡುನಡುವೆ ಸತ್ತ ಕೋಶಗಳ ಜಾಗದಲ್ಲಿ ಬರಿಯ ನಾರು. ಇಂಥದ್ದನ್ನು ಅವಳು ನೂರಾರು ಸಲ ನೋಡಿದ್ದಳು. ಅಪ್ಪನ ಹೃದಯವೂ ಹೀಗೇ ಇದ್ದಿರಬೇಕು. ಎರಡನೇ ಪಟ್ಟಿ ಎಡಗೋಡೆಯದು. ಅವಳು ಗುಂಡಿ ತಿರುಗಿಸಿ ಚಿತ್ರ ಚೊಕ್ಕ ಮಾಡಿಕೊಂಡಳು.

ಸಾಲುಸಾಲಾಗಿ ಕೋಶಗಳು. ಪ್ರತಿಯೊಂದರ ನಡುವೆಯೂ ತುಸು ಉದ್ದನೆಯ ಕೇಂದ್ರ, ಸುತ್ತ ಒಂದೇ ಗೆರೆಯ ಹಸಿರು ಪೊರೆ. ಅಲ್ಲಲ್ಲಿ ಹಿಂದೆ ಹರಿದ ಜಾಗ ಕೂಡಿಕೊಂಡ ಕಲೆಗಳು. ಬಿಚ್ಚಿಕೊಂಡದ್ದು ಒಂದಾದರೂ ಇದೆಯೇ ಎಂದು ಅವಳು ಪಟ್ಟಿಯ ಈ ಕೊನೆಯಿಂದ ಆ ಕೊನೆಯವರೆಗೆ ಸರಿಸುತ್ತ ಹೋದಳು. ಔಷಧ ನಿಂತು ತಿಂಗಳುಗಳೇ ಕಳೆದಿದ್ದವು. ಬೆಸುಗೆ ಸಿಕ್ಕಿದ್ದ ಕೋಶಗಳಲ್ಲಿ ನೂರಕ್ಕೆ ತೊಂಬತ್ತು ಇನ್ನೂ ಗಟ್ಟಿಯಾಗಿದ್ದವು. ಬೇರೆಯವರು ಬರೆದಿಟ್ಟಿದ್ದ ಲಕೋಟೆ ಒಡೆದು ನೋಡಿದಳು. ತೊಂಬತ್ತೊಂದು.

ಹೃದಯದ ಎಲ್ಲ ಕಡೆಗೂ ತಲುಪಿದ್ದರೆ ಅವನು ಬದುಕುತ್ತಿದ್ದ. ತಲುಪಿಸುವ ಬಗೆ ಬದಲಾಗಬೇಕು. ತುದಿಗೆ ಹೋಗುವ ರಕ್ತನಾಳದಿಂದಲೂ ಕೊಡಬೇಕು. ಅವಳು ಅದನ್ನು ಟಿಪ್ಪಣಿಯಲ್ಲಿ ಬರೆದಳು. ಬರೆಯುತ್ತಲೇ ಎರಡು ಹನಿ ಕಾಗದದ ಮೇಲೆ ಬಿದ್ದವು. ಸೆರಗಿನಿಂದ ಒತ್ತಿ, ಅಳಿಸಿಹೋದ ಅಕ್ಷರಗಳನ್ನು ಮತ್ತೆ ತಿದ್ದಿ ಬರೆದಳು.

ಸಮಿತಿ ಒಪ್ಪಿತು. ಹೊಸ ಬೆಸುಗೆಯ ಪ್ರಯೋಗಕ್ಕೆ ಎಂಟು ಊರುಗಳ ಮೂವತ್ತಾರು ಜನ ಹೆಸರು ಕೊಟ್ಟರು. ಸಿಂಚನಾಗೆ ಆಗ ಹದಿನೆಂಟು ದಾಟಿತ್ತು. ಒಪ್ಪಿಗೆಯ ಕಾಗದಕ್ಕೆ ಅವಳೇ ಸಹಿ ಹಾಕಬೇಕಿತ್ತು. ಸಹಿಗೆ ಮುಂಚೆ ಒಂದು ಸಲ ಪ್ರಯೋಗಾಲಯ ನೋಡಬೇಕು ಎಂದು ಒಂದು ಶನಿವಾರ ಬೆಳಿಗ್ಗೆ ಬಂದಳು. ಕಾಳಿಕಾ ಕಪ್ಪೆಗಳ ತೊಟ್ಟಿ ತೋರಿಸಿದಳು, ಹೊಂಬಣ್ಣದ ರಸ ತೋರಿಸಿದಳು. ಹುಡುಗಿ ಎಲ್ಲದಕ್ಕೂ ತಲೆಯಾಡಿಸುತ್ತ ಬಂದು ಸೂಕ್ಷ್ಮದರ್ಶಕದ ಮುಂದೆ ನಿಂತಳು.

"ಅತ್ತಿ, ಅಪ್ಪಂದು ಇಲ್ಲೈತಲ್ಲ?"

"ಐತಿ. ನೋಡಲೇಬೇಕಂತೇನಿಲ್ಲ ತಂಗಿ."

"ನೋಡ್ತೀನಿ."

ಕಾಳಿಕಾ ಎರಡೂ ಪಟ್ಟಿಗಳನ್ನು ತಂದಳು. ಕೆಟ್ಟದ್ದನ್ನೇ ಮೊದಲು ಇಟ್ಟಳು, ಏನೆಂದು ಹೇಳಿದಳು. ಆಮೇಲೆ ಎರಡನೆಯದನ್ನು ಇಟ್ಟು ಪಕ್ಕಕ್ಕೆ ಸರಿದಳು. ಸಿಂಚನಾ ಕಣ್ಣು ಕದಲಿಸದೆ ಬಹಳ ಹೊತ್ತು ನೋಡಿದಳು. ಗುಂಡಿಯನ್ನು ತಾನೇ ಮೆಲ್ಲಗೆ ತಿರುಗಿಸಿ, ಪಟ್ಟಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದಳು. ಹೊರಗೆ ಗಾಳಿಗೆ ಕಿಟಕಿಯ ಪರದೆ ಅಲುಗುತ್ತಿತ್ತು.

"ಎಲ್ಲಾ ಮುಚ್ಚಿಕೊಂಡಾವಲ್ಲ," ಅಂದಳು ಕಡೆಗೆ.

"ಹೂಂ. ಹಿಡಿದು ನಿಂತಾವ."

ಹುಡುಗಿ ತಲೆ ಎತ್ತಿದಳು. ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ನೆಟ್ಟಗಿತ್ತು. "ನಾ ಯಾವಾಗ ಬರಬೇಕು?"

"ಸೋಮವಾರ, ಹತ್ತು ಗಂಟೆಗೆ. ಏನಾರ ತಿಂದು ಬಾ."

"ಬರ್ತೀನಿ," ಅಂದು ಸಿಂಚನಾ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು.